ಹೊಸ ಬಾಯ್ಲರ್ ಕೊಳ್ಳುವ ಮೊದಲು ಚಿಮಣಿ ಅಳೆಸಿ: ಹುಬ್ಬಳ್ಳಿಯ ಒಂದು ಎನರ್ಜಿ ಆಡಿಟ್ ಸೇವೆಯ ಬಗ್ಗೆ

ಬ್ಯಾಡಗಿ–ಮೋಟೆಬೆನ್ನೂರು ರಸ್ತೆಯಲ್ಲಿ ನಮ್ಮದೊಂದು ದನದ ಫೀಡ್ ಮಿಲ್ ಇದೆ. ಗೋವಿನಜೋಳ, ಹತ್ತಿಕಾಳು ಹಿಂಡಿ, ತೌಡು, ಮೊಲಾಸಿಸ್ ಸೇರಿಸಿ ಒತ್ತಿ ಪೆಲೆಟ್, ಅಂದರೆ ಗುಳಿಗೆ, ಮಾಡುತ್ತೇವೆ. ಹಿಟ್ಟಿಗೆ ಉಗಿ ಕೊಡಲು ಕಲ್ಲಿದ್ದಲಿನ ಸಣ್ಣ ಬಾಯ್ಲರ್ ಇದೆ, ಗಂಟೆಗೆ 600 ಕೆಜಿ ಉಗಿ ಮಾಡುವಂಥದ್ದು. ಆ ಬಾಯ್ಲರ್ ಸುಡುವ ಕಲ್ಲಿದ್ದಲಿನಲ್ಲಿ ಎಷ್ಟು ನಮ್ಮ ಕೆಲಸಕ್ಕೆ ಬರುತ್ತದೆ, ಎಷ್ಟು ಚಿಮಣಿ ದಾಟಿ ಹೋಗುತ್ತದೆ ಎಂದು ಅಳೆಸಲು ಹುಬ್ಬಳ್ಳಿಯ ಎನರ್ಜಿ ಆಡಿಟರ್ ಒಬ್ಬರನ್ನು ಕರೆಸಿದ್ದೆವು. ಅವರ ಸೇವೆ ಹೇಗಿತ್ತು ಎಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಎಣ್ಣೆ ಮಿಲ್, ಅಕ್ಕಿ ಮಿಲ್, ನೂಲಿಗೆ ಬಣ್ಣ ಹಾಕುವವರು, ಲಾಂಡ್ರಿ ಇಟ್ಟವರು, ಹೀಗೆ ಸಣ್ಣ ಬಾಯ್ಲರ್ ನಂಬಿಕೊಂಡವರು ಬಹಳ ಜನ. ಇಂಥ ಸೇವೆ ಸಿಗುತ್ತದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಮಿಲ್ಲಿನ ಲೆಕ್ಕಪತ್ರ ನೋಡುವುದು ನಾನು, ಮಶೀನು ನೋಡುವುದು ನನ್ನ ಮೈದುನ. ಆಡಿಟ್ ಮಾಡಿಸೋಣ ಎಂದು ಹಟ ಹಿಡಿದವಳು ನಾನೇ. ದುಡ್ಡಿನ ಕಾರಣ ಇತ್ತು. ಅದಕ್ಕಿಂತ ದೊಡ್ಡ ಕಾರಣ ಮೆಣಸಿನಕಾಯಿ. ಸೀಸನ್‌ನಲ್ಲಿ ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಬಂದು ನೋಡಿದವರಿಗೆ ಅದು ಇಲ್ಲಿಯ ಜೀವ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಮಿಲ್ ಹಿಂದಿನ ಬಯಲಿನಲ್ಲಿ ಕೆಲವರು ಕಾಯಿ ಹರವಿ ಒಣಗಿಸುತ್ತಾರೆ. ಬ್ಯಾಡಗಿ ಕಾಯಿಗೆ ರೇಟು ಬರುವುದೇ ಬಣ್ಣದಿಂದ. ಅದರ ಮೇಲೆ ಚಿಮಣಿಯ ಮಸಿ ಬಿದ್ದರೆ? ಒಬ್ಬ ಅಜ್ಜಿ ಮಸಿ ಹತ್ತಿದ ಕಾಯಿಯನ್ನು ಮೊರದಲ್ಲಿ ತುಂಬಿಕೊಂಡು ಬಂದು ಆಫೀಸಿನ ಟೇಬಲ್ ಮೇಲೆ ಇಟ್ಟರು. "ಯವ್ವಾ, ನಿಮ್ಮ ಹೊಗಿ ನಮ್ಮ ರೇಟು ತಿನ್ನಾಕತ್ತೈತಿ ನೋಡು" ಎಂದರು. ಅವರ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಮೊದಲು ಕರೆಸಿದ್ದು ಬಾಯ್ಲರ್ ಮಾರುವ ಒಬ್ಬ ಡೀಲರ್‌ನನ್ನು. ಆತ ಹಳೆಯ ಬಾಯ್ಲರಿನ ಬಾಗಿಲು ಕೂಡ ತೆಗೆಸಿ ನೋಡಲಿಲ್ಲ. ಹೊಸದು ಹಾಕಿಸಿ, ಫ್ಲೂಯಿಡೈಸ್ಡ್ ಬೆಡ್‌ನದು, ಎಂದು ಕೊಟೇಶನ್ ಕೊಟ್ಟು ಹೋದ. ಆ ತಂತ್ರಜ್ಞಾನ ಒಳ್ಳೆಯದೇ. ಬಿಸಿ ಮರಳಿನ ಹಾಸಿಗೆಯ ಕೆಳಗಿಂದ ಗಾಳಿ ಊದಿ, ಕುದಿಯುವಂತೆ ಏಳುವ ಆ ಮರಳಿನೊಳಗೆ ಕಲ್ಲಿದ್ದಲಿನ ಸಣ್ಣ ಚೂರು ಸುಡುತ್ತಾರೆ. ಬೆಡ್ಡಿನ ಉಷ್ಣತೆ 800ರಿಂದ 900 ಡಿಗ್ರಿ ಮಾತ್ರ ಇರುವುದರಿಂದ ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಸುಣ್ಣದ ಕಲ್ಲಿನ ಪುಡಿ ಸೇರಿಸಿದರೆ ಗಂಧಕವನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಆದರೆ ಅದಕ್ಕೆ 10 ಮಿಲಿಮೀಟರ್‌ಗಿಂತ ಸಣ್ಣದಾಗಿ ಒಡೆದ ಕಲ್ಲಿದ್ದಲು ಬೇಕು, ಒಡೆಯಲು ಕ್ರಶರ್ ಬೇಕು, ದೊಡ್ಡ ಫ್ಯಾನ್ ಬೇಕು, ಅದನ್ನು ನಡೆಸಲು ಬರುವವರು ಬೇಕು. ನಮ್ಮಷ್ಟು ಸಣ್ಣ ಮಿಲ್ಲಿಗೆ ಅದು ಹೊಂದುತ್ತದೆಯೋ ಇಲ್ಲವೋ ಎಂದು ಡೀಲರ್ ಒಂದು ಮಾತೂ ಹೇಳಲಿಲ್ಲ. ಆಗ ಪರಿಚಯದವರೊಬ್ಬರು ಈ ಆಡಿಟರ್ ಹೆಸರು ಹೇಳಿದರು.

ಇವರು ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆ ಪಾಸು ಮಾಡಿದ ಸರ್ಟಿಫೈಡ್ ಆಡಿಟರ್. ಮೊದಲು ರಾಯಚೂರು ಶಕ್ತಿನಗರದ ಥರ್ಮಲ್ ಸ್ಥಾವರದಲ್ಲಿ ಬಾಯ್ಲರ್ ಕಡೆ ಕೆಲಸ ಮಾಡಿದವರು. ಫೀಸು 28,000 ರೂಪಾಯಿ, ಜಿಎಸ್‌ಟಿ ಬೇರೆ. ಮೈದುನನಿಗೆ ಜಾಸ್ತಿ ಅನ್ನಿಸಿತು.

ಬಂದವರು ಮೊದಲು ಕೇಳಿದ ಪ್ರಶ್ನೆ: "ಕಲ್ಲಿದ್ದಲು ತೂಗಿ ಹಾಕ್ತೀರಾ, ನೀರು ಅಳೀತೀರಾ?" ನಮ್ಮ ಹತ್ತಿರ ಲಾರಿ ತೂಕದ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ಅವರು ಗೋಡೌನಿನ ತೂಕದ ಮಶೀನನ್ನು ಬಾಯ್ಲರ್ ಮುಂದೆ ತರಿಸಿದರು. ಬಾಯ್ಲರಿಗೆ ನೀರು ಹೋಗುವ ಪೈಪಿಗೆ ತಾವು ತಂದ ಮೀಟರ್ ಜೋಡಿಸಿದರು. ಇಷ್ಟು ಕೆಜಿ ಕಲ್ಲಿದ್ದಲು ಹೋಯಿತು, ಇಷ್ಟು ಲೀಟರ್ ನೀರು ಉಗಿಯಾಯಿತು. ಅರ್ಧ ಸತ್ಯ ಇದರಲ್ಲೇ ಸಿಕ್ಕಿತು. ಒಂದು ಕೆಜಿ ಕಲ್ಲಿದ್ದಲಿಗೆ ನಮಗೆ ಸಿಗುತ್ತಿದ್ದದ್ದು 4.7 ಕೆಜಿ ಉಗಿ. ನಾವು ತರಿಸುವ ಕಲ್ಲಿದ್ದಲಿನ ಶಾಖಕ್ಕೆ ಲೆಕ್ಕ ಹಾಕಿದರೆ ಬಾಯ್ಲರಿನ ದಕ್ಷತೆ ನೂರಕ್ಕೆ 60ರ ಆಸುಪಾಸು. ನಲವತ್ತು ಭಾಗ ದಂಡ.

ಆ ನಲವತ್ತು ಎಲ್ಲಿ ಹೋಗುತ್ತಿದೆ ಎಂದು ಹುಡುಕಿದ ರೀತಿಯೇ ಈ ಸೇವೆಯಲ್ಲಿ ನನಗೆ ಬಹಳ ಹಿಡಿಸಿದ್ದು. ಚಿಮಣಿಯ ಬುಡದಲ್ಲಿ ಒಂದು ತೂತು ಕೊರೆಸಿ, ಗ್ಯಾಸ್ ಅನಲೈಸರ್‌ನ ಉದ್ದದ ಕೊಳವೆ ಒಳಗೆ ಬಿಟ್ಟರು. ಆಮ್ಲಜನಕ 13 ಪರ್ಸೆಂಟ್, ಹೊಗೆಯ ಬಿಸಿ 265 ಡಿಗ್ರಿ. ಹೊರಗಿನ ಗಾಳಿಯಲ್ಲೇ ಇರುವುದು 21 ಪರ್ಸೆಂಟ್. ಅಂದರೆ ಒಳಗೆ ಎಳೆದುಕೊಂಡ ಗಾಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಏನೂ ಕೆಲಸ ಮಾಡದೆ, ಸುಮ್ನೆ ಬಿಸಿಯಾಗಿ ಹೊರಗೆ ಹೋಗುತ್ತಿತ್ತು. ಆ ಬಿಸಿ ನಾವು ದುಡ್ಡು ಕೊಟ್ಟು ಕೊಂಡ ಕಲ್ಲಿದ್ದಲಿನದು.

ಇಲ್ಲಿ ನನಗೊಂದು ಸಂಶಯ ಬಂತು. ಗಾಳಿ ಇಷ್ಟು ಜಾಸ್ತಿ ಇದ್ದರೆ ಕಪ್ಪು ಹೊಗೆ ಯಾಕೆ ಬರಬೇಕು? ಗಾಳಿ ಸಾಲದಿದ್ದಾಗ ಅಲ್ವಾ ಹೊಗೆ ಕಪ್ಪಾಗುವುದು? ಕೇಳಿದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಬೆಂಕಿ ನೋಡಿಕೊಳ್ಳುವ ನಮ್ಮ ಫೈರ್‌ಮನ್ ಕಾಕಾನನ್ನು ಕರೆದರು. ಕಾಕಾಗೆ ಇಪ್ಪತ್ತು ವರ್ಷದ ಅನುಭವ. ಹೊರಗಿನವರು ಬಂದು ಕೆಲಸ ಕಲಿಸುತ್ತಾರೆ ಎಂದು ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡಿದ್ದ.

"ಕಾಕಾ, ನೀವು ದಿನಾ ಹೆಂಗ ಹಾಕ್ತೀರಿ ಹಂಗ ಹಾಕ್ರಿ. ನಾ ಮೀಟರ್ ನೋಡ್ತೀನಿ" ಎಂದರು.

ಕಾಕಾ ಬಾಗಿಲು ತೆರೆದು ಸಲಿಕೆ ಮೇಲೆ ಸಲಿಕೆ ಹಾಕಿ ಮುಚ್ಚಿದ. ಮೀಟರಿನಲ್ಲಿ ಕಾರ್ಬನ್ ಮಾನಾಕ್ಸೈಡ್, ಅಂದರೆ ಅರೆಬರೆ ಸುಟ್ಟಾಗ ಹುಟ್ಟುವ ಅನಿಲ, ಸರಸರನೆ ಏರಿ 3,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3,000 ಭಾಗ) ದಾಟಿತು. ಹೊರಗೆ ನೋಡಿದರೆ ಚಿಮಣಿಯಲ್ಲಿ ಕಡುಕಪ್ಪು ಹೊಗೆ. ಒಲೆಗೆ ಒಮ್ಮೆಲೇ ಕಟ್ಟಿಗೆ ತುರುಕಿದಾಗ ಅಡುಗೆಮನೆ ಹೊಗೆಯಾಗುವ ಹಾಗೆಯೇ ಇದು. ಹೊಸ ಕಲ್ಲಿದ್ದಲು ಕಾದ ಕೂಡಲೇ ಅದರೊಳಗಿನ ಅನಿಲ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಬೇಕಾದಷ್ಟು ಗಾಳಿ ಅದಕ್ಕೆ ಸಿಗುವುದಿಲ್ಲ. ಸುಡದ ಅನಿಲ ಮಸಿಯಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹೊಗೆ ತಿಳಿಯಾಯಿತು. ಆಗ ಬೆಂಕಿ ಅಲ್ಲಲ್ಲಿ ತೆಳುವಾಗಿ, ಜಾಳಿಗೆಯ ಮೇಲೆ ಖಾಲಿ ಜಾಗ ಬಿದ್ದಿತ್ತು. ಆ ತೂತುಗಳಿಂದ ಗಾಳಿ ಸೀದಾ ಮೇಲೆ ನುಗ್ಗಿ ಆಮ್ಲಜನಕ 15ಕ್ಕೆ ಏರಿತು. ಒಮ್ಮೆ ಗಾಳಿ ಸಾಲದು, ಇನ್ನೊಮ್ಮೆ ಗಾಳಿ ಅತಿ. ಎರಡೂ ಕಡೆ ನಷ್ಟ.

"ಈಗ ಅರ್ಧ ಸಲಿಕೆ ಹಾಕ್ರಿ, ಹರವಿ ಹಾಕ್ರಿ, ಬಾಗಲಾ ತಟ್ಟನ ಮುಚ್ರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತ ಅರ್ಧ."

ಕಾಕಾ ಹಾಗೇ ಮಾಡಿದ. ಫ್ಯಾನಿನ ಡ್ಯಾಂಪರನ್ನು, ಅಂದರೆ ಗಾಳಿ ತಡೆಯುವ ತಗಡನ್ನು, ಆಡಿಟರ್ ತಾವೇ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಹೋದರು. ಹೊಗೆ ಬೂದು ಬಣ್ಣಕ್ಕೆ ಬಂತು, ಆಮೇಲೆ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ತೆಳುವಾಯಿತು. ಕಾಕಾ ಮೀಟರ್ ಕೈಗೆ ತೆಗೆದುಕೊಂಡು ಆಮ್ಲಜನಕದ ಅಂಕಿಯನ್ನು ನೋಡಿ ನೋಡಿ ಇಟ್ಟ. "ಇದು ನನಗ ಯಾರೂ ತೋರಿಸಿದ್ದಿಲ್ರಿ ಸಾಹೇಬ್ರ" ಎಂದ. ಅನುಭವಸ್ಥನಿಗೆ ಅವಮಾನ ಮಾಡದೆ ಕಲಿಸುವುದು ಎಲ್ಲರಿಗೂ ಬರುವುದಿಲ್ಲ. ಕೊಟ್ಟ ಫೀಸಿನ ಬಹುಪಾಲು ಆ ಒಂದು ಗಂಟೆಗೇ ಸಂದಿತು ಎನ್ನುತ್ತೇನೆ.

ಉಳಿದ ದೋಷಗಳು ಸಣ್ಣವು, ಆದರೆ ಒಂದಕ್ಕೊಂದು ಕೂಡಿ ದೊಡ್ಡದಾಗಿದ್ದವು. ಹೊಗೆ ಹಾಯುವ ಟ್ಯೂಬುಗಳೊಳಗೆ ಮಸಿ ಕಟ್ಟಿತ್ತು, ಶಾಖ ನೀರಿಗೆ ಹತ್ತದೆ ಚಿಮಣಿಗೆ ಹೋಗುತ್ತಿತ್ತು. ಹೊಗೆಯ ಬಿಸಿ 22 ಡಿಗ್ರಿ ಇಳಿದರೆ ದಕ್ಷತೆ ಸುಮಾರು ಒಂದು ಪರ್ಸೆಂಟ್ ಏರುತ್ತದೆ ಎಂಬ ಅಂದಾಜು ಲೆಕ್ಕ ಹೇಳಿಕೊಟ್ಟರು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್‌ಗೆ ಮಾತ್ರ ಬ್ರಶ್ ಹಾಕಿಸುತ್ತಿದ್ದೆವು, ಈಗ ವಾರಕ್ಕೊಮ್ಮೆ. ಚಿಮಣಿಗೆ ಒಂದು ಡಯಲ್ ಥರ್ಮಾಮೀಟರ್ ಕೂರಿಸಿದ್ದೇವೆ. ಮುಳ್ಳು ಮೇಲೇರಿದರೆ ಟ್ಯೂಬ್ ತೊಳೆಯುವ ಹೊತ್ತಾಯಿತು ಎಂದರ್ಥ. ಬೆಂಕಿ ಬಾಗಿಲಿನ ಹಗ್ಗದ ಪ್ಯಾಕಿಂಗ್ ಸುಟ್ಟುಹೋಗಿತ್ತು, ಬದಲಿಸಿದೆವು. ಕಲ್ಲಿದ್ದಲಿನಲ್ಲಿ ಒಂದು ಕಡೆ ತಲೆ ಗಾತ್ರದ ಹೆಂಟೆ, ಇನ್ನೊಂದು ಕಡೆ ಬರೀ ಪುಡಿ. ಫ್ಯಾನ್ ಇಟ್ಟು ಕೈಯಿಂದ ಹಾಕುವ ಬಾಯ್ಲರಿಗೆ 25ರಿಂದ 40 ಮಿಲಿಮೀಟರ್ ಗಾತ್ರ ಸರಿ ಎಂದರು. ಜರಡಿ ಹಾಕಿಸಿದೆವು. ಪುಡಿಗೆ ಹದವಾಗಿ ನೀರು ಚಿಮುಕಿಸಿ ಹಾಕಿದರೆ ಜಾಳಿಗೆ ಸಂದಿಯಿಂದ ಸೋರಿ ಬೂದಿಗೆ ಬೀಳುವುದು ತಪ್ಪುತ್ತದೆ. ಬೂದಿ ಗುಂಡಿಯಿಂದ ಅವರು ಎತ್ತಿ ತೋರಿಸಿದ ಕರಿ ಚೂರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೆಲ್ಲ ಸುಡದೆ ಉಳಿದ ಕಲ್ಲಿದ್ದಲು. ಬೋರ್ ನೀರಿನ ಗಡಸುತನಕ್ಕೆ ಸಾಫ್ಟ್‌ನರ್ ಇತ್ತು, ಆದರೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕುತ್ತಿರಲಿಲ್ಲ. ಅದಕ್ಕೂ ಒಂದು ಪಟ್ಟಿ ಮಾಡಿಕೊಟ್ಟರು.

ಮಧ್ಯಾಹ್ನ ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಊಟ ಮಾಡುತ್ತಾ ಅವರು ದೊಡ್ಡ ಸ್ಥಾವರಗಳ ಮಾತು ತೆಗೆದರು. ನನಗೆ ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ಶಕ್ತಿನಗರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅಲ್ಲಿಯ ಬಹುತೇಕ ಘಟಕಗಳು 210 ಮೆಗಾವಾಟ್‌ನವು. ಅಂಥ ಹಳೆಯ ಘಟಕದಲ್ಲಿ ಕಲ್ಲಿದ್ದಲಿನ ಶಾಖದ ನೂರು ಭಾಗದಲ್ಲಿ ಕರೆಂಟ್ ಆಗುವುದು ಹೆಚ್ಚೆಂದರೆ 35ರ ಹತ್ತಿರ. "ಹಾಗಾದರೆ ನಮ್ಮ 60 ಅವರಿಗಿಂತ ಚಲೋ ಆಯ್ತಲ್ರಿ" ಎಂದು ಮೈದುನ ಹೇಳಿದ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅಲ್ಲಿಯ ಬಾಯ್ಲರ್ ಒಂದನ್ನೇ ತೆಗೆದುಕೊಂಡರೆ ಅದರ ದಕ್ಷತೆ 85ಕ್ಕಿಂತ ಮೇಲೆ. ಹೊಗೆಯ ಬಿಸಿಯಿಂದಲೇ ನೀರನ್ನೂ ಗಾಳಿಯನ್ನೂ ಕಾಯಿಸಿಕೊಂಡು, ಚಿಮಣಿಗೆ ಬಿಡುವ ಹೊತ್ತಿಗೆ ಹೊಗೆಯನ್ನು 130–140 ಡಿಗ್ರಿಗೆ ಇಳಿಸಿರುತ್ತಾರೆ. ನಮ್ಮದು 265! ಅವರ ದೊಡ್ಡ ನಷ್ಟ ಆಗುವುದು ಮುಂದೆ. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಮತ್ತೆ ನೀರು ಮಾಡುವಾಗ ಆ ಶಾಖ ಕೂಲಿಂಗ್ ಟವರಿನಿಂದ ಆಕಾಶಕ್ಕೆ ಹೋಗುತ್ತದೆ.

ಅದನ್ನು ಕಡಿಮೆ ಮಾಡಲೆಂದೇ ಸೂಪರ್‌ಕ್ರಿಟಿಕಲ್ ಬಾಯ್ಲರ್. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು, ರಾಯಚೂರಿನ ಯರಮರಸ್‌ನಲ್ಲಿ ಎರಡು ಅಂಥ ಘಟಕಗಳಿವೆ. ಒತ್ತಡ 221 ಬಾರ್, ಉಷ್ಣತೆ 374 ಡಿಗ್ರಿ ದಾಟಿದ ಮೇಲೆ ನೀರಿಗೆ ಕುದಿಯುವುದು ಎಂಬುದೇ ಇಲ್ಲ. ನೀರು ಬೇರೆ, ಉಗಿ ಬೇರೆ ಎಂಬ ಭೇದ ಹೋಗಿಬಿಡುತ್ತದೆ. ಅಷ್ಟು ಒತ್ತಡ, ಅಷ್ಟು ಬಿಸಿ ತಡೆಯುವ ಲೋಹದ ಟ್ಯೂಬ್ ಬೇಕು. ಬದಲಿಗೆ ಟರ್ಬೈನಿಗೆ ಜಾಸ್ತಿ ಕಸುವು ಸಿಗುತ್ತದೆ, ದಕ್ಷತೆ 38–40ಕ್ಕೆ ಏರುತ್ತದೆ. ಮೂರು ನಾಲ್ಕು ಪರ್ಸೆಂಟ್ ಅಷ್ಟೇ ತಾನೇ ಅನ್ನಿಸಬಹುದು. 35ರಿಂದ 39ಕ್ಕೆ ಏರಿದರೆ ಅದೇ ಕರೆಂಟಿಗೆ ಬೇಕಾಗುವ ಕಲ್ಲಿದ್ದಲು ಹತ್ತರಲ್ಲಿ ಒಂದು ಪಾಲು ಕಡಿಮೆ. ಬೂದಿ, ಗಂಧಕ, ಇಂಗಾಲದ ಡೈಆಕ್ಸೈಡ್ ಎಲ್ಲವೂ ಅಷ್ಟೇ ಪಾಲು ಕಡಿಮೆ. ಮೊದಲು ಕಡಿಮೆ ಸುಡು, ಆಮೇಲೆ ಹೊರಗೆ ಹೋಗುವುದನ್ನು ಹಿಡಿ, ಇದೇ ಸರಿಯಾದ ಕ್ರಮ ಎಂದರು. ನಮ್ಮ ಬಾಯ್ಲರಿಗೂ ಅವರು ಅದೇ ಕ್ರಮ ಹಿಡಿದಿದ್ದರು.

ಫಲ ಏನಾಯಿತು? ಆಮ್ಲಜನಕ ಈಗ 7ರ ಆಸುಪಾಸು ನಿಂತಿದೆ. ಹೊಗೆಯ ಬಿಸಿ 205ಕ್ಕೆ ಇಳಿದಿದೆ. ಒಂದು ಕೆಜಿ ಕಲ್ಲಿದ್ದಲಿಗೆ 5.6 ಕೆಜಿ ಉಗಿ. ತಿಂಗಳಿಗೆ ಹನ್ನೆರಡು ಟನ್ ಮೇಲೆ ಬೇಕಾಗುತ್ತಿದ್ದ ಕಲ್ಲಿದ್ದಲು ಹತ್ತು ಟನ್ನಿಗೆ ಬಂದಿದೆ, ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಉಳಿತಾಯ. ಲೆಕ್ಕದ ಪುಸ್ತಕ ನನ್ನದೇ, ಅಂಕಿ ನಾನೇ ಬರೆದದ್ದು. ಜರಡಿ, ಪ್ಯಾಕಿಂಗ್, ಥರ್ಮಾಮೀಟರ್, ಆಡಿಟರ್ ಫೀಸು ಎಲ್ಲ ಸೇರಿಸಿದರೂ ಹಾಕಿದ ದುಡ್ಡು ಕಲ್ಲಿದ್ದಲಿನ ಬಿಲ್ಲಿನಲ್ಲೇ ಬೇಗ ವಾಪಸು ಬಂತು. ಇನ್ನೊಂದು ಲಾಭ ನಾವು ಎಣಿಸಿರಲೇ ಇಲ್ಲ. ಬೆಂಕಿ ಒಂದೇ ಹದದಲ್ಲಿ ಇರುವುದರಿಂದ ಉಗಿಯ ಒತ್ತಡವೂ ಒಂದೇ ಸಮ. ಮೊದಲು ಒತ್ತಡ ಏರಿಳಿದಾಗ ಉಗಿಯ ಜೊತೆ ನೀರು ಬಂದು ಹಿಟ್ಟು ಮುದ್ದೆಯಾಗಿ ಪೆಲೆಟ್ ಮಶೀನಿನ ಡೈ (ಪೆಲೆಟ್ ಹೊರಬರುವ ತೂತುಗಳ ಅಚ್ಚು) ಕಟ್ಟಿಕೊಳ್ಳುತ್ತಿತ್ತು. ಆ ರಗಳೆ ಈಗ ಬಹಳ ಕಡಿಮೆ. ಪೆಲೆಟ್ ಗಟ್ಟಿ ಬರುತ್ತಿದೆ, ಚೀಲದ ತಳದಲ್ಲಿ ಪುಡಿ ಕಡಿಮೆ.

ಇನ್ನು ನನಗೆ ಸೇರದ ವಿಷಯ. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಮೇಲಿಂದ ಮೇಲೆ ಫೋನ್ ಮಾಡಬೇಕಾಯಿತು. ಬಂದದ್ದು ದಪ್ಪ ಪುಸ್ತಕ, ಪೂರ್ತಿ ಇಂಗ್ಲಿಷಿನಲ್ಲಿ. ಬೆಂಕಿ ನೋಡಿಕೊಳ್ಳುವ ಕಾಕಾಗೆ ಅದರಿಂದ ಏನು ಉಪಯೋಗ? ನಾನು ಜಗಳ ಮಾಡಿ ಒಂದು ಪುಟದ ಕನ್ನಡ ಚಾರ್ಟ್ ಬರೆಸಿಕೊಂಡೆ. ಆಮ್ಲಜನಕ ಇಷ್ಟು, ಹೊಗೆಯ ಬಿಸಿ ಇಷ್ಟು, ಮೀರಿದರೆ ಏನು ಮಾಡಬೇಕು ಎಂದು ಅದರಲ್ಲಿದೆ. ಅದೀಗ ಬಾಯ್ಲರ್ ಮನೆಯ ಗೋಡೆ ಮೇಲಿದೆ. ಅದನ್ನು ಕೇಳದೆಯೇ ಕೊಡಬೇಕಿತ್ತು.

ಎರಡನೆಯದು ಇಕಾನಮೈಸರ್ ಲೆಕ್ಕ. ಹೊಗೆಯ ಬಿಸಿಯಿಂದ ಬಾಯ್ಲರಿನ ನೀರನ್ನು ಮೊದಲೇ ಕಾಯಿಸುವ ಸಲಕರಣೆ ಅದು. ನೀರು 6 ಡಿಗ್ರಿ ಕಾದರೆ ಸುಮಾರು ಒಂದು ಪರ್ಸೆಂಟ್ ಇಂಧನ ಉಳಿಯುತ್ತದೆ. ನಮ್ಮಲ್ಲಿ ಉಗಿ ಹಿಟ್ಟಿನೊಳಗೇ ಸೇರಿಹೋಗುವುದರಿಂದ ಬಿಸಿನೀರು ವಾಪಸು ಬರುವುದಿಲ್ಲ, ಬಾಯ್ಲರಿಗೆ ಹೋಗುವುದೆಲ್ಲ ತಣ್ಣೀರು. ಹಾಗಾಗಿ ಸಲಹೆ ಸರಿಯೇ. ಆದರೆ ರಿಪೋರ್ಟಿನಲ್ಲಿ ವರ್ಷಪೂರ್ತಿ ಮಿಲ್ ಒಂದೇ ಸಮ ನಡೆಯುತ್ತದೆ ಎಂದು ಹಿಡಿದು ಲಾಭ ತೋರಿಸಿದ್ದರು. ಮಳೆ ಬಿದ್ದು ಹಸಿಮೇವು ಬಂದ ಮೇಲೆ ಫೀಡಿನ ಬೇಡಿಕೆ ಇಳಿಯುತ್ತದೆ. ದನ ಕಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ತಿಳಿಸಿದ ಮೇಲೆ ತಿದ್ದಿಕೊಟ್ಟರು, ದುಡ್ಡು ವಾಪಸಾಗುವ ಕಾಲ ಉದ್ದವಾಯಿತು. ಬೋರಿನ ತಣ್ಣೀರನ್ನು ಸೀದಾ ಬಿಟ್ಟರೆ ಆ ಟ್ಯೂಬಿನ ಮೇಲೆ ಹೊಗೆಯ ತೇವ ಹನಿಯಾಗಿ, ಗಂಧಕದ ಆಮ್ಲದಿಂದ ಲೋಹ ತಿಂದುಹೋಗುತ್ತದೆ ಎಂದೂ ಎಚ್ಚರಿಸಿದ್ದರು, ಅದು ಒಳ್ಳೆಯದಾಯಿತು. ಸದ್ಯಕ್ಕೆ ನಾವು ಅದನ್ನು ಹಾಕಿಸಿಲ್ಲ.

ಮೂರನೆಯದೇ ನನಗೆ ದೊಡ್ಡದು. ಅವರು ದೂಳು ಅಳೆಯುವುದಿಲ್ಲ. ಅದಕ್ಕೆ ಬೇರೆ ಲ್ಯಾಬಿನವರನ್ನು ಕರೆಯಬೇಕು, ಬೇರೆ ದುಡ್ಡು. ದಕ್ಷತೆ ಏರಿದರೆ ಮಸಿ ಹೋಗುತ್ತದೆ, ನಿಜ. ಹಾರುವ ಬೂದಿ ಹೋಗುವುದಿಲ್ಲ. ಎಷ್ಟೇ ಚೆನ್ನಾಗಿ ಸುಟ್ಟರೂ ಕಲ್ಲಿದ್ದಲಿನೊಳಗಿನ ಬೂದಿ ಬೂದಿಯೇ. ನಮ್ಮ ದೇಶದ ಕಲ್ಲಿದ್ದಲಿನಲ್ಲಂತೂ ಅದು 30ರಿಂದ 45 ಪರ್ಸೆಂಟ್. ದೊಡ್ಡ ಸ್ಥಾವರಗಳಲ್ಲಿ ಇದಕ್ಕೆಂದೇ ಇಎಸ್‌ಪಿ ಇರುತ್ತದೆ. ಹೊಗೆಯ ಕಣಗಳಿಗೆ ವಿದ್ಯುತ್ ಹತ್ತಿಸಿ ತಗಡಿಗೆ ಅಂಟಿಸಿ ಕೆಡಹುವ ಯಂತ್ರ ಅದು, ನೂರಕ್ಕೆ 99ಕ್ಕಿಂತ ಜಾಸ್ತಿ ದೂಳು ಹಿಡಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ತಂದ ನಿಯಮದಲ್ಲಿ, 2017ರಿಂದ ಶುರುವಾಗುವ ಹೊಸ ಸ್ಥಾವರಗಳ ದೂಳು ಒಂದು ಘನಮೀಟರ್ ಹೊಗೆಗೆ 30 ಮಿಲಿಗ್ರಾಂ ಮೀರುವಂತಿಲ್ಲ. ಸಣ್ಣ ಬಾಯ್ಲರಿಗೆ ಇಎಸ್‌ಪಿ ಹಾಕುವ ಮಾತಿಲ್ಲ. ನಮಗೆ ಇರುವ ದಾರಿ ಸೈಕ್ಲೋನ್ (ಹೊಗೆಯನ್ನು ಗಿರಗಿರನೆ ಸುತ್ತಿಸಿ ಕಣ ಕೆಡಹುವ ಡ್ರಮ್ಮು) ಅಥವಾ ಬ್ಯಾಗ್ ಫಿಲ್ಟರ್ (ಹೊಗೆ ಸೋಸುವ ಬಟ್ಟೆಯ ಚೀಲ). ಸೈಕ್ಲೋನ್ ದಪ್ಪ ಕಣ ಹಿಡಿಯುತ್ತದೆ, ಸಣ್ಣದನ್ನು ಬಿಡುತ್ತದೆ. ಬ್ಯಾಗ್ ಫಿಲ್ಟರ್ ಸಣ್ಣದನ್ನೂ ಹಿಡಿಯುತ್ತದೆ, ಆದರೆ ಕಿಡಿ ಬಿದ್ದರೆ ಬಟ್ಟೆ ಸುಡುತ್ತದೆ. ಮೆಣಸಿನಕಾಯಿ ಮೇಲೆ ಬೀಳುವುದು ಹೆಚ್ಚಾಗಿ ದಪ್ಪ ಕಣವೇ ಆದ್ದರಿಂದ ಮೊದಲು ಸೈಕ್ಲೋನ್‌ಗೆ ಆರ್ಡರ್ ಕೊಟ್ಟಿದ್ದೇವೆ. ಮಸಿ ನಿಂತಿದೆ ಎಂದು ಅಜ್ಜಿ ಒಪ್ಪಿದ್ದಾರೆ, ಬೂದಿಯ ಬಗ್ಗೆ ಇನ್ನೂ ದೂರು ಇದೆ. ಅವರ ದೂರು ನ್ಯಾಯದ್ದು.

ಆಡಿಟರ್ ಕೊಟ್ಟ ಇನ್ನೊಂದು ಸಲಹೆ ನಮ್ಮ ಜಿಲ್ಲೆಗೆ ಹೇಳಿಮಾಡಿಸಿದ ಹಾಗಿದೆ. ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ಕಲ್ಲಿದ್ದಲಿನ ಜೊತೆ ಸುಡುವುದು. ಹಾವೇರಿ, ರಾಣೇಬೆನ್ನೂರು ಕಡೆ ಅದಕ್ಕೆ ಬರವೇ ಇಲ್ಲ. ಬೂದಿ ಕಡಿಮೆ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬೇಗ ಉರಿದುಹೋಗುತ್ತದೆ, ಇಡಲು ಜಾಗ ಬಹಳ ಬೇಕು, ಮಳೆಗೆ ನೆನೆದರೆ ಕೆಲಸಕ್ಕೆ ಬಾರದು. ನಾಲ್ಕರಲ್ಲಿ ಒಂದು ಪಾಲು ಬೆರೆಸಿ ನಡೆಸುತ್ತಿದ್ದೇವೆ, ಕಾಕಾಗೆ ಕೈ ಕುದುರಿದೆ. ದೊಡ್ಡ ಸ್ಥಾವರಗಳಿಗೂ ಕೇಂದ್ರ ಇಂಧನ ಸಚಿವಾಲಯ 2021ರ ಅಕ್ಟೋಬರ್‌ನ ನೀತಿಯಲ್ಲಿ ಇದೇ ದಾರಿ ತೋರಿಸಿತ್ತು: ಬೆಳೆಯ ಕಸದಿಂದ ಮಾಡಿದ ಪೆಲೆಟ್‌ಗಳನ್ನು ಕಲ್ಲಿದ್ದಲಿಗೆ ಶೇ 5ರಷ್ಟು ಬೆರೆಸಿ ಸುಡಬೇಕು ಎಂದು ಆಗ ಹೇಳಿತ್ತು. ಆ ಪೆಲೆಟ್ ಮಾಡುವ ಮಶೀನು ನಮ್ಮ ಫೀಡ್ ಮಶೀನಿನ ಜಾತಿಯದೇ. ಮಳೆಗಾಲದಲ್ಲಿ ಫೀಡಿನ ಕೆಲಸ ಇಳಿದಾಗ ಅದನ್ನೂ ಮಾಡಬಹುದೇ ಎಂದು ಮೈದುನ ವಿಚಾರಿಸುತ್ತಿದ್ದಾನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ರಿಪೋರ್ಟ್ ತಡವಾದದ್ದಕ್ಕೂ ಕನ್ನಡ ಕೇಳಿ ಪಡೆಯಬೇಕಾಗಿ ಬಂದದ್ದಕ್ಕೂ ಸೇರಿ ಒಂದು ಕಡಿಮೆ.

ನೀವೂ ಯಾರನ್ನಾದರೂ ಕರೆಸುವುದಾದರೆ, ಅನಲೈಸರ್‌ನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ (ಮೀಟರಿನ ಅಳತೆ ಸರಿಯಿದೆ ಎಂಬ ಪ್ರಮಾಣಪತ್ರ) ಇತ್ತೀಚಿನದೇ ಎಂದು ಮೊದಲೇ ಕೇಳಿ. ಕಲ್ಲಿದ್ದಲು ತೂಗದೆ ಬರೀ ಚಿಮಣಿ ನೋಡಿ ಹೋಗುವವರಾದರೆ ಬೇಡ. ಬಾಯ್ಲರ್ ಮಾರುವ ಕಂಪನಿಯಿಂದ ಕಮಿಷನ್ ತೆಗೆದುಕೊಳ್ಳುವವರೂ ಬೇಡ. ಮಿಲ್ ಪೂರ್ತಿ ಲೋಡಿನಲ್ಲಿ ನಡೆಯುವ ದಿನಗಳಲ್ಲೇ ಕರೆಸಿ, ಅರ್ಧ ಲೋಡಿನ ಅಳತೆಯಿಂದ ಸರಿಯಾದ ಚಿತ್ರ ಸಿಗುವುದಿಲ್ಲ. ನಿಮ್ಮ ಫೈರ್‌ಮನ್‌ಗೆ ಅವತ್ತು ರಜೆ ಕೊಡಬೇಡಿ. ಎರಡು ಶಿಫ್ಟ್ ಇದ್ದರೆ ಇಬ್ಬರನ್ನೂ ಕರೆದು ನಿಲ್ಲಿಸಿ.